ತುಳಸಿಕಟ್ಟಿ ಹಿಂದಿನ ಕಳ್ಳಬಾಗಲಾ

ದೀಪಾವಳಿ ಬಂತಂದ್ರ ನಿಪ್ಪಾಣ್ಯಾಗ ನಮ್ಮ ಓಣಿ ಹುಡುಗೂರೆಲ್ಲಾ ಮನಿ ಮುಂದ ಮಣ್ಣಿನ ಕಿಲ್ಲೆ ಕಟ್ಟತಿದ್ವಿ. ಕಲ್ಲು ಒಟ್ಟಿ, ಮ್ಯಾಲೆ ತಂಬಾಕದ ಹಳೇ ಗೋಣಿಚೀಲ ಹಾಸಿ, ಕೆಸರು ಮೆತ್ತಿ, ಸಾಸಿವಿ ಉಗ್ಗೂದು. ನಾಕ ದಿನಕ್ಕ ಗುಡ್ಡ ಹಸರಾಗ್ತಿತ್ತು. ಆ ಚೀಲದ ಘಾಟಿಗೆ ಸೀನಿ ಸೀನಿ ನಮ್ಮ ಮೂಗು ಕೆಂಪಾಗ್ತಿದ್ವು.

ಎಂಬತ್ತರ ದಶಕದ ಮಾತು, ನಾ ಆಗ ಸಾಲಿಯಾಗ ಐದನೇತ್ತೆ. ಕಿಲ್ಲೆ ನೋಡಿ ತೀರ್ಪು ಕೊಡಾಂವ ನಮ್ಮಜ್ಜ, ರಿಟೈರಾದ ಸಾಲಿ ಮಾಸ್ತರ. ಬಣ್ಣ, ಬೊಂಬಿ ಏನೂ ಅವಗ ಬೇಕಿರಲಿಲ್ಲ. ವೈರಿಯಂಗ ಸುತ್ತು ಹಾಕಿ, ಇದನ್ನ ಎಷ್ಟು ದಿನದಾಗ ತಗೋಬಹುದು ಅಂತ ನೋಡಾಂವ. "ಗಡಿ ಕಿಲ್ಲೆದ ಕೆಲಸ ಗೆಲ್ಲೂದಲ್ಲವಾ, ತಡಿಯೂದು. ಕೆಳಗ ವೈರಿ ದಂಡು ಡೇರೆ ಹೊಡಕೊಂಡು ಕುಂತಿರತೈತಿ. ತಮ್ಮ ರಾಜಾನ ದಂಡು ಬರೂತನಾ ಮ್ಯಾಲಿನವರು ಜೀವಾ ಹಿಡಕೊಂಡಿರಬೇಕು" ಅಂತಿದ್ದ.

ಎದುರು ಮನಿ ಹುಡುಗಿ ನನ್ನ ಜೀವದ ಗೆಳತಿ. ಅಜ್ಜನ ಮುಂದ ಕುಂತು, "ಅಷ್ಟು ಎತ್ತರಕ್ಕ ನೀರು ಹೆಂಗ್ರಿ ಅಜ್ಜಾ? ಕುದರಿಗೆ ಮೇವು?" ಅಂತ ಕೇಳಾಕಿ. ಅಜ್ಜ ಅಕಿನ್ನ "ನಮ್ಮ ಕಿಲ್ಲೇದಾರ" ಅಂತ ಕರಿಯಾಂವ. ನನಗ? "ಏ ಹುಚ್ಚಿ, ಚಾ ತಗೊಂಡ ಬಾ." ನನ್ನಜ್ಜ! ನನ್ನ ಸ್ವಂತ ಅಜ್ಜ! ಹೊಟ್ಟಿಕಿಚ್ಚಿಗೆ ಉಂಡದ್ದು ಮೈಗೆ ಹತ್ತತಿರಲಿಲ್ಲ. ಆ ವರ್ಷ ಅವನ ಬಾಯಿಂದ "ಈ ಕಿಲ್ಲೆ ಬೀಳಂಗಿಲ್ಲ" ಅನಸೇಬೇಕಂತ ಹಟಾ ಹಿಡದೆ.

ಸೊಂಟದ ಮಟಾ ಗ್ವಾಡಿ ಏರಿಸಿದೆ, ನಾಕೂ ಮೂಲಿಗೆ ಬುರುಜು. ಅಜ್ಜ ಒಂದ ಸುತ್ತು ಹಾಕಿದಾ. "ನೀರಿನ ಹೊಂಡ ಎಲ್ಲೈತಿ?" ಅಯ್ಯ ದೇವರ, ಮರತ ಬಿಟ್ಟಿದ್ದೆ. "ಎಂಟ ದಿನ. ನಾ ಒಂದ ಕಲ್ಲ ಸೈತ ಒಗಿಯಂಗಿಲ್ಲ. ನೀರಡಿಸಿ ನೀವ ಬಾಗಲಾ ತಗೀತೀರಿ" ಅಂದಾ.

ಅಕಿ ಕಿಲ್ಲೆ ತುಳಸಿಕಟ್ಟಿಗೆ ಹತ್ತಿಸಿ ಕಟ್ಟಿದ್ದು, ಮೊಣಕಾಲ ಮಟಾ ಅಷ್ಟ. ಆದರ ಹೊಂಡ ಇತ್ತು, ಕಾಳಿನ ಹಗೇವು ಇತ್ತು, ಆನಿ ಓಡಿ ಬಂದು ಗುದ್ದಬಾರದಂತ ಬಾಗಲದ ದಾರಿ ಸೊಟ್ಟ ಮಾಡಿದ್ಲು. ಅಜ್ಜ ಮೂರ ಸುತ್ತು ಹಾಕಿದಾ, ಮೊಣಕಾಲೂರಿ ಕುಂತಾ. "ಇದು ಬೀಳಂಗಿಲ್ಲ ಬಿಡವಾ" ಅಂದಾ.

ನನಗ ಬೇಕಾಗಿದ್ದ ಮಾತು, ಅಕಿಗೆ ಕೊಟ್ಟಬಿಟ್ಟಾ! ಮೈಯೆಲ್ಲಾ ಉರದು ಹೋತು.

"ಬೀಳತೈತಿ!" ಅಂತ ಒದರಿದೆ. "ತುಳಸಿಕಟ್ಟಿ ಹಿಂದ ಕಳ್ಳಬಾಗಲಾ ಐತಿ. ಹೆಂಚಿನ ಚೂರು ಮುಚ್ಯಾಳ!"

ಅಜ್ಜ ಹಿಂದ ಕೈ ಹಾಕಿ ಚೂರು ತಗದಾ. ಅವನ ಕೈಯ ಎರಡ ಬಟ್ಟು ಒಳಗ ಹೋದ್ವು. "ನಿನಗ ಹೆಂಗ ಗೊತ್ತು?"

"ನಿನ್ನೆ ಅಕೀನ ತೋರಿಸ್ಯಾಳ." 'ನಿನಗೊಬ್ಬಾಕಿಗೆ ತೋರಸಾಕತ್ತೇನಿ, ಯಾರಿಗೂ ಹೇಳಬ್ಯಾಡ' ಅಂದಿದ್ಲು. ಅದನ್ನ ಮಾತ್ರ ನಾ ಅಜ್ಜಗ ಹೇಳಲಿಲ್ಲ.

ಅಜ್ಜ ಮೊಣಕಾಲಿನ ಮಣ್ಣು ಝಾಡಿಸಿಕೊಂಡು ಎದ್ದಾ. "ಹಂಗಾರ ಬಿತ್ತು. ಗಡಿ ಕಿಲ್ಲೆಗೋಳು ಬಾಳ ಬಿದ್ದದ್ದು ಹಿಂಗ." ಕಿಲ್ಲೆ ಮ್ಯಾಲಿನ ಕಾಗದದ ಬಾವುಟ ಕಿತ್ತು ನನ್ನ ಕೈಯಾಗ ಕೊಟ್ಟಾ. "ತಗೋ, ನೀ ಗೆದ್ದಿ."

ಗೆಳತಿ ಅಳಲಿಲ್ಲ. ಅತ್ತಿದ್ರ ನಾನೂ ಅತ್ತು ಹಗುರ ಆಗತಿದ್ದೆ.

ಮರುವರ್ಷ ತಾನಾಗೇ ಕರದು ಕಿಲ್ಲೆ ತೋರಿಸಿದ್ಲು. ಹೊಂಡ, ಹಗೇವು, ಬುರುಜು, ಎಲ್ಲಾ. "ಕಳ್ಳಬಾಗಲಾ?" ಅಂದೆ. "ಈ ಸಲ ಇಟ್ಟಿಲ್ಲ" ಅಂದು ನಕ್ಕು, ನನಗ ಚಕ್ಕಲಿ ತರಾಕ ಒಳಗ ಹೋದ್ಲು. ನಾ ತುಳಸಿಕಟ್ಟಿ ಹಿಂದ ಕೈ ಹಾಕಿ ತಡವಿದೆ. ಬಾಗಲಾ ಇತ್ತು. ಹೆಂಚು ಮುಚ್ಚಿ, ಮ್ಯಾಲೆ ಕೆಸರು ಮೆತ್ತಿ, ನನಗ ಕಾಣದಂಗ ಮಾಡಿದ್ಲು.