ಮೂರನೆಯ ‘ಬ್ಯಾಡ’

ಇಂಗ್ಲೆಂಡಿನ ಲೀಡ್ಸಿಗೆ ಬಂದ ಹೊಸತು. ಪಕ್ಕದ ಮನೆಯಾಕೆ ಒಳಗೆ ಕರೆದು, “ಚಹಾ ಬೇಕಾ, ಲವ್?” ಎಂದಳು. ಇಲ್ಲಿ ಗುರುತಿಲ್ಲದವರನ್ನೂ ‘ಲವ್’ ಅನ್ನುತ್ತಾರೆ, ನಮ್ಮಲ್ಲಿ ‘ಯವ್ವಾ’ ಅಂದಂತೆ. ಮರ್ಯಾದೆಗೆ ಬೇಡ ಎಂದೆ. ಆಕೆ ಒಂದೇ ಕಪ್ ಮಾಡಿಕೊಂಡು ನನ್ನೆದುರೇ ಕುಡಿದಳು! ಇಂಗ್ಲಿಷರ ಕೈ ಬಿಗಿ ಎಂದು ಅಂದೇ ತೀರ್ಪು ಕೊಟ್ಟುಬಿಟ್ಟೆ.

ಗಂಡನಿಗೆ ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಅವರು ಡ್ಯೂಟಿಗೆ ಹೋದರೆ ನನಗೆ ಗೋಡೆಗಳ ಜೊತೆ ಮಾತು. ಅದಕ್ಕೇ ಲೈಬ್ರರಿಯ ಇಂಗ್ಲಿಷ್ ತರಗತಿ ಸೇರಿದೆ. ಅಲ್ಲಿ ಸಿಕ್ಕವಳು ಪೋಲೆಂಡಿನ ಮಾರ್ತಾ, ಈ ಊರಲ್ಲಿ ನನಗಿದ್ದ ಒಬ್ಬಳೇ ಗೆಳತಿ.

ಒಂದು ದಿನ ಎಲ್ಲರೂ ತಮ್ಮೂರ ಅಡುಗೆ ತಂದು ಅದರ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ನಾನು ನಮ್ಮೂರು ಬ್ಯಾಡಗಿಯ ಮೆಣಸಿನಕಾಯಿ ಹಾಕಿದ ಬದನೆಕಾಯಿ ಎಣ್ಣೆಗಾಯಿ ಒಯ್ದೆ. ಕೆಂಪು ನೋಡಿಯೇ ಒಬ್ಬ, “ಇಂಡಿಯಾದವರು ಬೆಂಕಿ ತಿನ್ನುತ್ತಾರೆ” ಎಂದ. ಬಣ್ಣ ಜೋರು, ಖಾರ ಕಡಿಮೆ ಎಂಬುದು ಬ್ಯಾಡಗಿಯ ಕೂಸಿಗೂ ಗೊತ್ತು. ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ. ಮಾರ್ತಾ ಕೂಡ ಬೇಡ ಎಂದಳು. ಸಂಕೋಚವಿರಬೇಕೆಂದು ತಟ್ಟೆ ತುಂಬ ಬಡಿಸಿಬಿಟ್ಟೆ. ಅವಳು ತಟ್ಟೆ ಅಲ್ಲೇ ಬಿಟ್ಟು ಬೇರೆ ಮೇಜಿಗೆ ಹೋದಳು. ಬಸ್‌ಸ್ಟಾಪಿಗೂ ಒಬ್ಬಳೇ ನಡೆದಳು. ಇದ್ದೊಬ್ಬ ಗೆಳತಿಯನ್ನೂ ಕಳಕೊಂಡೆನಲ್ಲ ಎಂದು ಅಳುವೇ ಬಂತು.

ವಾರವಿಡೀ ಕನ್ನಡಿ ಮುಂದೆ ಇಂಗ್ಲಿಷ್ ಹೊಂದಿಸಿದೆ. ಮುಂದಿನ ತರಗತಿಗೆ ಮತ್ತೆ ಡಬ್ಬಿ ಕಟ್ಟಿಕೊಂಡು ಹೋಗಿ, ಅವಳೆದುರು ನಿಂತು ತಡವರಿಸುತ್ತ ಹೇಳಿದೆ: “ನಮ್ಮೂರಲ್ಲಿ ಮೊದಲ ಬೇಡ ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ಮೂರನೆಯದೇ ನಿಜವಾದದ್ದು. ನೀನು ಒಂದೇ ಸಲ ಹೇಳಿದೆ.”

ಮಾರ್ತಾ ಹೊಟ್ಟೆ ಹಿಡಿದು ನಕ್ಕಳು. “ನಮ್ಮಜ್ಜಿ ಬಡಿಸೋದೂ ಹೀಗೇ! ಆದರೆ ನನ್ನ ಬೇಡ ಒಂದೇ, ನೆನಪಿರಲಿ.” ಆಮೇಲೆ ತಾನೇ ಡಬ್ಬಿ ತೆಗೆದು ತಿಂದು, “ಬೆಂಕಿ ಎಲ್ಲಿ?” ಎಂದು ಮುಖ ಸಣ್ಣದು ಮಾಡಿದಳು.

ಕೆಂಪು ಕಂಡು ಬೆಂಕಿ ಎಂದವನಿಗೂ, ಒಂಟಿ ಕಪ್ ಕಂಡು ಜಿಪುಣಿ ಎಂದ ನನಗೂ ಏನು ವ್ಯತ್ಯಾಸ? ಈಗ ಪಕ್ಕದ ಮನೆಯಾಕೆ ಚಹಾ ಬೇಕಾ ಎಂದರೆ ಮೊದಲ ಸಲಕ್ಕೇ ಹೂಂ ಅನ್ನುತ್ತೇನೆ.

ಮೊನ್ನೆ ಬ್ಯಾಡಗಿಗೆ ಹೋದಾಗ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಊಟಕ್ಕೆ ಕೂತಿದ್ದಳು. ಇನ್ನೊಂದು ರೊಟ್ಟಿ ಹಾಕಹೋದೆ. “ಬ್ಯಾಡವಾ” ಅಂದಳು. ಸುಮ್ಮನೆ ಬುಟ್ಟಿ ಮುಚ್ಚಿದೆ.

ದೊಡ್ಡವ್ವ ನನ್ನನ್ನೇ ನೋಡಿದಳು. “ಯಾಕ, ಇನ್ನೊಮ್ಮಿ ಕೇಳಾಕ ಬಾಯಿ ಇಲ್ಲೇನ? ಪರದೇಶಕ್ಕ ಹೋಗಿ ನನ್ನ ಹೊರಗಿನಾಕಿ ಮಾಡಿದೇನವಾ?”

ಲಗುಬಗೆಯಿಂದ ರೊಟ್ಟಿ ತೆಗೆದೆ. “ಬ್ಯಾಡ, ಬ್ಯಾಡ” ಎನ್ನುತ್ತ ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು. ಅದು ಸಂಕೋಚದ್ದೋ ನಿಜವಾದದ್ದೋ ತಿಳಿಯದೆ, ರೊಟ್ಟಿ ಹಿಡಿದುಕೊಂಡು ನಿಂತೇ ಇದ್ದೆ.