ಕಾರು ಮಾವನ ಕಿವಿ

ಬೀದಿಯಲ್ಲಿ ಯಾರೇ ಕಾರು ಕೊಳ್ಳಲಿ, ಕಾರು ಮಾವನ ಕಿವಿ ಒಪ್ಪಲೇಬೇಕು. ಅವರು ಕಾರೊಳಗೆ ಕೂತು ಬಾಗಿಲೆಳೆದುಕೊಂಡು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರೆ ಶೋರೂಮಿಗೆ ಶೋರೂಮೇ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಅವರ ತೀರ್ಪು: “ಸಣ್ಣ ಕಾರು ಸಂದಿಗೊಂದಿಯಲ್ಲೆಲ್ಲ ನುಗ್ಗುತ್ತೆ, ಏರು ಬಂದ್ರೆ ಗೊಣಗುತ್ತೆ. ಎತ್ತರದ ಕ್ರಾಸ್‌ಓವರ್ ಕಾರು ಹಳ್ಳದಿಣ್ಣೆಗೆ ಜಗ್ಗಲ್ಲ, ಆದ್ರೆ ಜಂಬ ಜಾಸ್ತಿ!” ಕರೆಂಟ್ ಕಾರೆಂದರೆ ಮಾತ್ರ ಮೂಗು ಮುರಿಯುತ್ತಿದ್ದರು: “ಸದ್ದೇ ಇಲ್ಲದ್ದು ಎಂಥ ಕಾರ್ರೀ?” ಮೊನ್ನೆ ಪಕ್ಕದ ಮನೆಯವರ ಒತ್ತಾಯಕ್ಕೆ ಅಂಥದ್ದೊಂದನ್ನು ಓಡಿಸಿ ನೋಡಿದರು. ಗಂಟಲ ಆಪರೇಷನ್ ಆದಮೇಲೆ ಪಿಸುಮಾತಷ್ಟೇ ಉಳಿದಿದ್ದ ಮಾವನ ಹೆಂಡತಿ ಹಿಂದಿನ ಸೀಟಿನಲ್ಲಿದ್ದರು. “ರೀ, ನಿಧಾನ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಓಡುವ ಕಾರಿನಲ್ಲಿ ಆ ದನಿ ಕೇಳಿ ವರ್ಷಗಳೇ ಆಗಿದ್ದವು. ಇನ್ನೊಂದು ಸಲ ಬೈಯಲಿ ಎಂದು ಮಾವ ಕಾರನ್ನು ಇನ್ನಷ್ಟು ಜೋರಾಗಿ ಬಿಟ್ಟರು.