ಶುಕ್ರವಾರದ ಮುಖ

ಆಗಿನ ನವಿ ಪೇಠದಲ್ಲಿ ಯಾರೂ ಮೊದಲು ಬೆಲೆ ಕೇಳುತ್ತಿರಲಿಲ್ಲ. ಮೊದಲು ಐಬು ಹೇಳುತ್ತಿದ್ದರು. ಸೀರೆ ಎಷ್ಟೇ ಮನಸ್ಸಿಗೆ ಬಂದಿರಲಿ, ಮುಖ ಸಪ್ಪಗೆ ಮಾಡಿಕೊಂಡು, ಸೆರಗು ತಿರುವಿ, ‘ಅಂಚು ಬಿಗಿ ಇಲ್ಲ ಬಿಡ್ರಿ’ ಅನ್ನಬೇಕು. ಮುಂದಿನ ಮಾತೆಲ್ಲ ಆಮೇಲೆ. ಸೊಲ್ಲಾಪುರದ ಆ ಪೇಟೆಯಲ್ಲಿ ಅಪ್ಪನದು ಬಟ್ಟೆ ಅಂಗಡಿ. ಗಿರಾಕಿಗಳ ಐಬು ಕೇಳಿ ಕೇಳಿ ಪಳಗಿದ ಅಪ್ಪ, ತಾನು ಕೊಳ್ಳಲು ಹೋದಾಗ ಅವರೆಲ್ಲರನ್ನೂ ಮೀರಿಸುತ್ತಿದ್ದ. ಒಂಬತ್ತು ವರ್ಷಕ್ಕೇ ನನಗೂ ಆ ವಿದ್ಯೆ ಬಂದಿತ್ತು. ಬದನೆಕಾಯಿ ಮಾರುವವಳ ಮುಂದೆ ನಾನು ಮೂಗು ಮುರಿದರೆ ಅಪ್ಪ ಮೀಸೆಯೊಳಗೇ ನಗುತ್ತಿದ್ದ. ಇವತ್ತು ವಿಜಾಪುರ ರಸ್ತೆಯಲ್ಲಿ ನನ್ನದೇ ಚಾದರಿನ ಅಂಗಡಿ ನಿಂತಿರುವುದು ಆ ವಿದ್ಯೆಯ ಮೇಲೆ. ಅದನ್ನು ಕಲಿಯಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಎಲ್ಲಿ ಅದನ್ನು ಬಳಸಬಾರದು ಅನ್ನುವುದನ್ನೂ ಜತೆಗೇ ಕಲಿಯಿರಿ ಅಂತೀನಿ.

ಆ ವರ್ಷ ಅವ್ವನ ಮೊದಲ ಪುಣ್ಯತಿಥಿ ಹತ್ತಿರ ಬಂದಾಗ, ಗೋಡೆಗೆ ಹಾಕಲು ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ ಎಂಬುದು ಗೊತ್ತಾಯಿತು. ಇದ್ದದ್ದು ಮದುವೆಯದೊಂದೇ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತ ಅವ್ವನ ಗದ್ದ ಬಿಟ್ಟರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಈ ಮಾತು ಬಂದಿರುವಾಗಲೇ ಹೇಳಿಬಿಡುತ್ತೇನೆ: ನಿಮ್ಮ ಮನೆಯ ಹೆಂಗಸರ ಫೋಟೋ ತೆಗೆಯುವುದಿದ್ದರೆ ರೊಟ್ಟಿ ಬಡಿಯುವಾಗ ತೆಗೆಯಿರಿ, ನಗುವಾಗ ತೆಗೆಯಿರಿ. ಶೃಂಗಾರ ಮಾಡಿ ಕೂರಿಸಿ ತೆಗೆದದ್ದು ಕೆಲಸಕ್ಕೆ ಬರುವುದಿಲ್ಲ.

ಬೇಸಿಗೆ ರಜೆಗೆ ನಾನು ಅವ್ವನ ತವರು ಅಕ್ಕಲಕೋಟದಲ್ಲಿದ್ದೆ. ಅಜ್ಜಿಯ ಪಕ್ಕದ ಮನೆಯಲ್ಲಿ ಗುರುಲಿಂಗ ಮಾಮಾ ಅಂತ ಒಬ್ಬ ಪೇಂಟರ್. ಮುಂಬಯಿಯಲ್ಲಿ ಸಿನಿಮಾ ಬೋರ್ಡು ಬರೆದು, ಆ ಕೆಲಸ ನಿಂತ ಮೇಲೆ ಊರಿಗೆ ಮರಳಿ, ತೀರಿಕೊಂಡವರ ಮುಖಗಳನ್ನು ಎಣ್ಣೆಬಣ್ಣದಲ್ಲಿ ಬರೆದುಕೊಡುತ್ತಿದ್ದ. ಅವ್ವ ತೀರಿಕೊಂಡ ಮೇಲೆ ಆ ಮನೆಗೆ ಬಾಡಿಗೆಗೆ ಬಂದವನು, ಅವ್ವನನ್ನು ಕಂಡೇ ಇರಲಿಲ್ಲ. ಅಜ್ಜಿ, ಮಗಳೇ ಹೋದ ಮೇಲೆ ಅರಿವೆಯ ಮೇಲೆ ಬರೆದ ಮಗಳನ್ನು ನಾನು ನೋಡುವುದಿಲ್ಲ ಎಂದುಬಿಟ್ಟಳು. ಅಪ್ಪನಿಗೆ ಅಂಗಡಿ ಬಿಡುವಂತಿರಲಿಲ್ಲ. ‘ಹುಡುಗಿ ಹೇಳತಾಳ, ನೀವು ತೆಗೀರಿ. ರೇಟು ಚಿತ್ರ ನೋಡಿ ಮಾತಾಡೂಣು’ ಎಂದು ಹೇಳಿ ಸೊಲ್ಲಾಪುರಕ್ಕೆ ಹೋದ.

ಹೀಗೆ ಅವ್ವನ ಮುಖ ನನ್ನೊಬ್ಬಳ ನೆನಪಿನ ಮೇಲೆ ನಿಂತಿತು.

ಮಾಮಾನ ಖೋಲಿಗೆ ಕಾಲಿಟ್ಟರೆ ಅಗಸಿ ಎಣ್ಣೆಯ ವಾಸನೆ. ಅಜ್ಜಿ ರೊಟ್ಟಿಗೆ ಹಚ್ಚಿಕೊಡುವ ಅಗಸಿ ಹಿಂಡಿಯ ವಾಸನೆಯೇ, ಆದರೆ ಟರ್ಪೆಂಟೈನ್ ಬೆರೆತು ಮೂಗಿಗೆ ಹೊಡೆಯುತ್ತಿತ್ತು. ಸೋಮವಾರ ಅವನು ಇದ್ದಿಲಿನಲ್ಲಿ ಒಂದು ಮೊಟ್ಟೆಯಾಕಾರ ಗೀಚಿ, ಅವ್ವ ಹೇಗಿದ್ದಳು ಎಂದು ಕೇಳಿದ. ಭಾಳ ಚಂದ ಇದ್ದಳು ಅಂದೆ.

“ಚಂದ ಅಂದ್ರ ಕುಂಚಕ್ಕ ತಿಳಿಯೂದಿಲ್ಲ ಶೋಭಾ. ಎಲ್ಲಿ ಏನಿತ್ತು, ಅದನ್ನ ಹೇಳು.”

ಮಂಗಳವಾರ ಕಂದು ಬಣ್ಣದಲ್ಲಿ ಒಬ್ಬ ಹೆಂಗಸು ಮೂಡಿದಳು. ಇಕಿ ನಮ್ಮ ಸಾಲಿ ಟೀಚರ್ ಬಾಯಿ ಕಂಡಂಗ ಕಾಣತಾಳ ಅಂದೆ. ಬೈಯುತ್ತಾನೆ ಅಂದುಕೊಂಡರೆ ಖುಷಿಪಟ್ಟ. ಯಾಕೆ ಹಾಗೆ ಕಾಣುತ್ತಾಳೆ, ನೀನೇ ಹುಡುಕು ಅಂದ. ಚಿತ್ರವನ್ನು ತಲೆಕೆಳಗು ಮಾಡಿ ತೋರಿಸಿದ, ಕನ್ನಡಿಯಲ್ಲಿ ತೋರಿಸಿದ. ಕೊನೆಗೆ ಸಿಕ್ಕಿತು: ಹುಬ್ಬು ತೀರ ತೆಳ್ಳಗಾಗಿತ್ತು. ಹಾಲಿನವನು ಬಂದರೂ ಮಾಮಾ ಅವನನ್ನು ನಿಲ್ಲಿಸಿ ತಪ್ಪು ಎಲ್ಲಿದೆ ಎಂದು ಕೇಳುತ್ತಿದ್ದ. ಕೈ ಸುಳ್ಳು ಹೇಳುತ್ತದೆ, ನೋಡುವವನ ಕಣ್ಣು ಹೇಳುವುದಿಲ್ಲ ಎಂಬುದು ಅವನ ನಂಬಿಕೆ.

ಬುಧವಾರ ಹಣೆ, ಕೆನ್ನೆ. ಗುರುವಾರ ನಗು. ಅವ್ವ ನಗುವಾಗ ಎಡಗೆನ್ನೆ ಮೊದಲು ಏಳುತ್ತಿತ್ತು, ಆಮೇಲೆ ಕಣ್ಣು ಸಣ್ಣದಾಗುತ್ತಿತ್ತು. ಇದನ್ನು ಬಾಯಲ್ಲಿ ಹೇಳಲಾಗದೆ ನಾನು ಒದ್ದಾಡಿದಾಗ, ಮಾಮಾ ತನ್ನ ಮುಖವನ್ನೇ ಹತ್ತಾರು ಬಗೆಯಲ್ಲಿ ತಿರುಚಿ ಇದಾ, ಇದಾ ಎಂದು ಕೇಳಿದ. ಹೊಸ್ತಿಲಲ್ಲಿ ನಿಂತ ಅಜ್ಜಿ, “ಗುರುಲಿಂಗಾ, ಕೂಸಿನ ಮುಂದ ಕುಂತು ಯಾಕಪಾ ಮಂಗ್ಯಾನಂಗ ಮಾರಿ ಮಾಡಾಕತ್ತಿ?” ಅಂದಳು. ಅವ್ವ ಸತ್ತ ಮೇಲೆ ಅಜ್ಜಿ, ನಾನು ಕೂಡಿ ನಕ್ಕದ್ದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನ ಮಾಮಾ ಕುಂಚ ಕೆಳಗಿಟ್ಟು ನನ್ನನ್ನು ಕರೆದ.

ಅವ್ವ ಬಂದಿದ್ದಳು. ಇನ್ನೇನು ನಗಬೇಕು, ಇಲ್ಲವೇ ತಲೆ ಬಾಚಿಕೋ ಎಂದು ಗದರಬೇಕು, ಹಾಗಿದ್ದಳು. ನನಗೆ ಓಡಿ ಹೋಗಿ ಹಸಿ ಬಣ್ಣಕ್ಕೇ ಕೆನ್ನೆ ಹಚ್ಚಬೇಕು ಅನ್ನಿಸಿತು. ಆದರೆ ರವಿವಾರ ಅಪ್ಪ ಬರುವವನಿದ್ದ, ಬೆಲೆ ಮಾತಾಡುವುದಿತ್ತು. ಮಾಲು ಮನಸ್ಸಿಗೆ ಬಂದದ್ದು ಕೊಡುವವನಿಗೆ ಗೊತ್ತಾದರೆ ಕೆಲಸ ಕೆಟ್ಟಂತೆ. ಮುಖ ಸಪ್ಪಗೆ ಮಾಡಿಕೊಂಡೆ.

“ಮೂಗು ದಪ್ಪ ಆಗೇದ ಮಾಮಾ. ಕಣ್ಣೂ ಅವ್ವನವಲ್ಲ.”

ಅವನು ಚಿತ್ರದ ಹತ್ತಿರ ಬಗ್ಗಿ, “ನನಗ ಇವತ್ತ ಮಾರಿ ಕೂಡೇದ ಅನಿಸಿತ್ತು” ಅಂದ. ನಾನು ಮನೆಗೆ ಓಡಿ ಎರಡು ಸೇಂಗಾ ಹೋಳಿಗೆ ತಿಂದೆ, ಅಂಗಳದಲ್ಲಿ ಕತ್ತಲಾಗುವವರೆಗೆ ಗಜಗ ಆಡಿದೆ. ಅಪ್ಪ ಎಷ್ಟು ಹೊಗಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಶನಿವಾರ ಬೆಳಿಗ್ಗೆ ಹೋದಾಗ ಸೀರೆ ಇತ್ತು, ಕುತ್ತಿಗೆ ಇತ್ತು, ಅದರ ಮೇಲೆ ಕಂದು ಕಲೆ. ಮಾಮಾ ಹಸಿ ಬಣ್ಣವನ್ನು ಚೂರಿಯಿಂದ ಕೆರೆದು ತೆಗೆದಿದ್ದ. ಅವ್ವನ ಮೈಬಣ್ಣವೆಲ್ಲ ಮೂಲೆಯ ಚಿಂದಿ ಅರಿವೆಗೆ ಮೆತ್ತಿಕೊಂಡಿತ್ತು.

ನಿನ್ನೆಯದೇ ಸರಿ ಇತ್ತು ಎಂದು ಅಳತೊಡಗಿದೆ. ಅವನಿಗೆ ತಿಳಿಯಲಿಲ್ಲ.

“ಮತ್ತ ನಿನ್ನೆ ಹಂಗ್ಯಾಕ ಅಂದಿ?”

“ಐಬು ಹೇಳದ ಮಾಲು ತಗೋಬಾರದು ಅಂತ ಅಪ್ಪಾ ಹೇಳ್ಯಾನ.”

ಅವನು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬೈಯಲಿಲ್ಲ. “ಇದು ಮಾಲಲ್ಲ ಯವ್ವಾ. ನಿಮ್ಮವ್ವ” ಅಂದ.

ಇಡೀ ದಿನ ಬರೆದ. ನಾನು ಖರೇ ಖರೇ ಹೇಳಿದೆ. ಮೂಗು ಹೀಗೆ, ಕಣ್ಣು ಹೀಗೆ. ಅವನು ತಿದ್ದಿದ, ಒರೆಸಿದ, ಮತ್ತೆ ತಿದ್ದಿದ. ಮಧ್ಯಾಹ್ನ ದಾಟಿದ ಮೇಲೆ ಅವನು ಇದಾ ಎಂದು ಕೇಳಿದರೆ ನನಗೇ ತಿಳಿಯದಾಯಿತು. ವಾರವಿಡೀ ತಪ್ಪು ಮುಖಗಳನ್ನು ಅಷ್ಟು ದಿಟ್ಟಿಸಿದ್ದೆ. ಅವು ಒಂದೊಂದಾಗಿ ಬಂದು ಅವ್ವನ ಜಾಗದಲ್ಲಿ ಕೂತಿದ್ದವು. ಬೆಳಕು ಇಳಿಯಿತು. ಮಾಮಾ ಮತ್ತೆ ಒರೆಸಲು ಅರಿವೆ ಎತ್ತಿಕೊಂಡ. ಸರಿ ಆಯಿತು, ಇವಳೇ ಅವ್ವ ಅಂದೆ. ಅವನು ನನ್ನ ಮುಖ ನೋಡಲಿಲ್ಲ, ಕುಂಚ ತೊಳೆಯಲು ಹೋದ.

ರವಿವಾರ ಅಪ್ಪ ಬಂದು ರೂಢಿಯಂತೆ ಸೀರೆಯ ಬಣ್ಣಕ್ಕೆ ಐಬು ತೆಗೆದ. ಮಾಮಾ ಅಪ್ಪ ಹೇಳಿದ ರೇಟಿಗೇ ಒಪ್ಪಿದ. ವಾಪಸು ಬರುವಾಗ ಬಸ್ಸಿನಲ್ಲಿ ಹಸಿ ಚಿತ್ರವನ್ನು ಯಾರೂ ಮುಟ್ಟದಂತೆ ಅಪ್ಪ ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಿದ್ದ. ಮುಂದೆ ಎಷ್ಟೋ ವರ್ಷದ ಮೇಲೆ, ಹಾರ ಬದಲಿಸುತ್ತ ಒಂದು ದಿನ, “ಅಕಿ ಹಿಂಗ ಇರಲಿಲ್ಲ ಅನಸ್ತದ. ಹೆಂಗಿದ್ದಳು ಅಂತ ಕೇಳಿದ್ರ ನನಗೂ ಹೇಳಾಕ ಬರವಲ್ದು” ಅಂದ. ಆ ಶುಕ್ರವಾರದ ಮಾತನ್ನು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಈಗ ಅಪ್ಪನೂ ಇಲ್ಲ, ಮಾಮಾನೂ ಇಲ್ಲ.

ಕಣ್ಣು ಮುಚ್ಚಿದರೆ ಮಂಗಳವಾರದ ಹೆಂಗಸು ಬರುತ್ತಾಳೆ, ಬುಧವಾರದವಳು ಬರುತ್ತಾಳೆ. ಶುಕ್ರವಾರದವಳು ಬರುವುದಿಲ್ಲ. ಸರಿ ಇತ್ತು ಎಂಬುದು ನೆನಪಿದೆ, ಹೇಗಿತ್ತು ಎಂಬುದು ನೆನಪಿಲ್ಲ.

ಚಿತ್ರ ಈಗ ನನ್ನ ಮನೆಯಲ್ಲಿದೆ. ಮೊನ್ನೆ ಮಗಳು ಅದರ ಮುಂದೆ ನಿಂತು, ಅಜ್ಜಿ ಹೀಗೇ ಇದ್ದಳಾ ಎಂದು ಮರಾಠಿಯಲ್ಲಿ ಕೇಳಿದಳು. ಹೌದು ಅಂದೆ. ಅವಳು ನಂಬಿದಳು. ಮೊಬೈಲು ಹಿಡಿದು ಆ ಮುಖದ ಫೋಟೋ ತೆಗೆದುಕೊಂಡು, ಕೆಳಗೆ ಅವ್ವನ ಹೆಸರು ಬರೆದುಕೊಂಡಳು.